ಹಿಂದಿನ ಬಾಗಿಲು

ಮಾರ್ಚ್ ೧೧, ಮಂಗಳವಾರ

ಮಧ್ಯಾಹ್ನ ಲಾಂಡ್ರಿಯ ಯಜಮಾನಿ ಫೋನಿನಲ್ಲೇ ಕೂಗಾಡಿದರು: "ಮೇಡಂ, ನಿಮ್ಮ ಹುಡುಗಿ ಹೇಳದೆ ಕೇಳದೆ ಹೋಗ್ಬಿಟ್ಟಿದಾಳೆ. ನಾಯಿ ಬಾಲ ಡೊಂಕೇ ಅಂತ ಮೊದಲೇ ಹೇಳಿರ್ಲಿಲ್ವಾ?"

ಹೇಳಿದ್ದರು. ಹೋದ ಸಲ ಬಿಡುಗಡೆಯಾದ ಮೇಲೆ ಮತ್ತೆ ಕಳ್ಳತನ ಮಾಡಿ ಸಿಕ್ಕಿಬಿದ್ದು ಬಾಲಮಂದಿರಕ್ಕೆ ವಾಪಸಾದವಳು ಈ ಹುಡುಗಿ. ಈ ಸಲ ಅವಳ ಪರ ಮಾತು ಕೊಟ್ಟವಳು ಅವಳ ಪ್ರೊಬೇಷನ್ ಅಧಿಕಾರಿಯಾದ ನಾನು. ಓಡಿಹೋಗಿದ್ದರೆ ಮತ್ತೆ ಒಳಗೇ.

ನಾನು ತಲುಪುವಷ್ಟರಲ್ಲಿ ಅವಳು ಬಂದು ಕಾಲರಿಗೆ ಇಸ್ತ್ರಿ ಹಾಕುತ್ತಿದ್ದಳು.

"ಸೆಕೆ ಮೇಡಂ. ಹಿಂದಿನ ಬಾಗಿಲು ತೆಗೆದು ಗಲ್ಲಿ ತುದಿವರೆಗೂ ಹೋಗ್ಬಂದೆ."

"ಕೇಳಿ ಹೋಗ್ಬೇಕು ತಾನೆ?" ಎಂದರು ಯಜಮಾನಿ.

"ಗಾಳಿಗೂ ಕೇಳ್ಬೇಕಾ ಅಕ್ಕಾ?"

ಯಜಮಾನಿಗೇ ನಗು ಬಂತು. ನಾನು ಬಾಗಿಲನ್ನೇ ನೋಡುತ್ತಿದ್ದೆ. ಕೆಲಸಕ್ಕೆ ಸೇರಿದಾಗಿನಿಂದ ಈ ಹುಡುಗಿ ಚಿಲಕವಿಲ್ಲದ ಬಾಗಿಲಿನೆದುರೂ ಯಾರಾದರೂ ತೆಗೆಯಲಿ ಎಂದು ಕೈಕಟ್ಟಿ ನಿಲ್ಲುತ್ತಿದ್ದಳು. ಬಾಲಮಂದಿರದಲ್ಲಿ ಕಲಿತ ಪಾಠ. ಇವತ್ತು ತಾನೇ ತೆರೆದು ಹೋಗಿ, ಯಾರೂ ಕರೆಯದೆ ಹಿಂತಿರುಗಿದ್ದಾಳೆ.

ನಾನು ಓದುವ ಅನುವಾದಿತ ಕಾದಂಬರಿಗಳಲ್ಲಿ ಜೈಲಿನ ಗೇಟು ತೆರೆಯುತ್ತಲೇ ಕಥೆ ಮುಗಿಯುತ್ತದೆ. ಅದರ ನಂತರದ ಬಾಗಿಲಿನ ಬಗ್ಗೆ ಓದಿದ ನೆನಪಿಲ್ಲ.

ನಾಳೆಯ ವರದಿಯಲ್ಲಿ ಯಜಮಾನಿಯ ದೂರನ್ನು ಇದ್ದ ಹಾಗೇ ಬರೆದು, 'ಪ್ರಗತಿ' ಎಂಬ ತಲೆಬರಹದ ಕೆಳಗೆ ಹಾಕುತ್ತೇನೆ. ಓದಿದವರು ಹುಬ್ಬೇರಿಸಲಿ. ಈ ಹುಡುಗಿ ಮತ್ತೆ ಒಳಗೆ ಹೋಗುವುದಿಲ್ಲ. ಕಣ್ಣು ಎಳೆಯುತ್ತಿದೆ.