ಪಕ್ಷಮಾಸಕ್ಕೆ ಮೊದಲು

ಬೈಲಹೊಂಗಲ
೧೫ ಸೆಪ್ಟೆಂಬರ್ ೨೦೨೫, ಸೋಮವಾರ

ಪ್ರಿಯ ಸುಚೇತಾಗೆ,

ಮುಕುಂದನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವ ರೂಢಿ, ಅದಕ್ಕೆ ಬರೆದಿದ್ದೇನೆ. ನಿಜ ಹೇಳಬೇಕೆಂದರೆ ಅಪ್ಪನ ರಕ್ತದೊತ್ತಡ, ಅವ್ವನ ಮೊಣಕಾಲು, ನನ್ನ ತಲೆ ಮೂರೂ ನೆಟ್ಟಗಿಲ್ಲ.

ನೀನು ಜರ್ಮನಿಯಿಂದ ಮರಳಿ ಬಂದು ಡೊಂಬಿವಲಿಯಲ್ಲಿ ತಂಗಿಯ ಮನೆ ಸೇರಿ ಎಂಟು ದಿನವಾಯಿತು. ಇಷ್ಟು ತಡವಾಗಿ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ದಿನಾಲೂ ಫೋನು ಹಚ್ಚಿದೆ. ನೀನು ಎತ್ತುವುದಿಲ್ಲ, ಎತ್ತಿದರೆ ‘ಹೂಂ’ ಎನ್ನುತ್ತೀ. ಹೂಂ ಎನ್ನುವವರ ಜೊತೆ ಎಷ್ಟು ಹೊತ್ತು ಮಾತಾಡುವುದು? ಇಪ್ಪತ್ತು ವರ್ಷ ನೋಂದಣಿ ಕಚೇರಿಯ ಎದುರು ಕುಳಿತು ಊರವರ ಖರೀದಿಪತ್ರ, ಹೊಲಮನೆ ಪಾಲು ಮಾಡುವ ವಾಟ್ನಿಪತ್ರ ಬರೆದುಕೊಟ್ಟಿದ್ದೇನೆ. ಹೆಂಡತಿಗೆ ಒಂದು ಪತ್ರ ಬರೆಯಲು ಎಂಟು ದಿನ ಹಿಡಿಯಿತು.

ನಿನ್ನೆ ಜ್ಯೋತ್ಸ್ನಾ ಫೋನು ಮಾಡಿದ್ದಳು. “ಭಾವಾಜಿ, ಅಕ್ಕ ಬ್ಯಾಗ ಬಿಚ್ಚಿ ಅರಿವಿ ಎಲ್ಲಾ ನನ್ನ ಕಪಾಟಿನ್ಯಾಗ ಇಟ್ಟಾಳ. ಇಪ್ಪತ್ತೆರಡಕ್ಕ ವೀಸಾ ಶುರು ಆಗ್ತದ, ಟಿಕೀಟು ತಗಸವಾ ಅಂದ್ರ ಮಾರಿ ತಿರುವುತಾಳ. ತಾರೀಖು ಓದಲಿಕ್ಕೆ ಬರಲಾರದಾಕಿ ಎಮ್ಮೆಸ್ಸಿ ಏನು ಓದ್ತಾಳ, ಊರಿಗೆ ಹೋಗಿ ಸುಮ್ಮನ ಇರ್ತೀನಿ ಅಂತಾಳ” ಎಂದಳು. ಕೇಳಿ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡ, ಸಿಕ್ಕವರ ಮೇಲೆಲ್ಲ ಬಂತು.

ಇಲ್ಲಿಯ ಅವಸ್ಥೆ ಕೇಳು. ನಿನ್ನ ಕಥೆ ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ. ಇಪ್ಪತ್ತೆರಡರಿಂದ ಚಾಲ್ತಿಗೆ ಬರುವ ವೀಸಾ ಹಿಡಿದುಕೊಂಡು ನೀನು ಐದನೇ ತಾರೀಖಿಗೇ ಹೊರಟದ್ದು, ಮುಂಬೈಯಲ್ಲಿ ಯಾರೂ ನೋಡದೆ ವಿಮಾನ ಹತ್ತಿಸಿದ್ದು, ಅಲ್ಲಿ ಇಳಿದ ಮೇಲೆ ಅಧಿಕಾರಿ ಪಾಸ್‌ಪೋರ್ಟು ತಿರುವಿ ನೋಡಿ, ಹದಿನಾರು ದಿನ ಮೊದಲೇ ಬಂದಿದ್ದೀರಿ, ಒಳಗೆ ಬಿಡುವುದಿಲ್ಲ ಎಂದದ್ದು, ರಾತ್ರಿಯೆಲ್ಲ ಒಂದು ಕುರ್ಚಿಯ ಮೇಲೆ ಕೂಡಿಸಿ ಮರುದಿನ ತಿರುಗಿ ಕಳಿಸಿದ್ದು. ಪುಣ್ಯಕ್ಕೆ ವೀಸಾ ರದ್ದು ಮಾಡಲಿಲ್ಲ, ತಾರೀಖು ಬಂದ ಮೇಲೆ ಬನ್ನಿ ಎಂದರು. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಇನ್ನೊಬ್ಬರು ಬಂದು ‘ಏನಾತಂತ್ರಿ’ ಎನ್ನುತ್ತಾರೆ, ಮತ್ತೆ ಮೊದಲಿನಿಂದ ಶುರು.

ಚಹಾದ ಅಂಗಡಿಯ ಹನುಮಪ್ಪ ಎಲ್ಲರ ಎದುರಿಗೆ, “ರಾಯರ, ನಿಮ್ಮ ಮನಿ ಬಾಯಾರು ಜರ್ಮನಿಗೆ ಹೋಗಿ ಚಾ ಕುಡುದು ಬಂದ್ರಂತ, ಖರೇನ್ರಿ?” ಎಂದು ಕೇಳಿದ. ಮೂರು ದಿನ ಅವನ ಅಂಗಡಿಗೆ ಹೋಗಲಿಲ್ಲ. ನಾಲ್ಕನೆಯ ದಿನ ಹೋದೆ, ಬೇರೆ ಕಡೆಯ ಚಹಾ ಬಾಯಿಗೆ ಹತ್ತುವುದಿಲ್ಲ.

ಶುಕ್ರವಾರ ದೊಡವಾಡದ ಮಲಕಾಜಪ್ಪ ತಮ್ಮನ ಜೊತೆ ವಾಟ್ನಿ ಬರೆಸಲು ಬಂದಿದ್ದ. ಸರ್ವೆ ನಂಬರು ಓದಿ ಹೇಳುತ್ತಿದ್ದೆ. ನಡುವೆ ತಡೆದು, “ರಾಯರ, ನಿಮ್ಮ ಕಣ್ಣು ತಪ್ಪಿಸಿ ಒಂದು ಅಂಕಿ ಹೋಗಾಂಗಿಲ್ಲರಿ. ನಮ್ಮಪ್ಪನ ಕಾಗದದಾಗ ಒಂದು ಗುಂಟೆ ಹೆಚ್ಚಾಗಿದ್ದು ಹಿಡದವರು ನೀವು. ಮನ್ಯಾಗ ಇದು ಹೆಂಗ ತಪ್ಪಿತ್ರಿ?” ಎಂದ. ಗಡಿಬಿಡಿಯಲ್ಲಿ ಆಯಿತು ಎಂದು ಹೇಳಿ ಸಾಗಹಾಕಿದೆ. ಒಳ್ಳೆಯ ಮನುಷ್ಯ, ಕೆಣಕಲು ಕೇಳಿದ್ದಲ್ಲ. ಅದಕ್ಕೇ ಇನ್ನೂ ಬೇಜಾರಾಯಿತು.

ಮನೆಯಲ್ಲಿ ಅಪ್ಪನ ಪಂಚಾಂಗ ಇನ್ನೂ ಗೂಡಿಗೆ ಹೋಗಿಲ್ಲ. “ಏಳನೇ ತಾರೀಖಿಗೆ ಗ್ರಹಣ, ಮುಂದ ಹದಿನೈದು ದಿನ ಪಕ್ಷಮಾಸ. ಹಿರಿಯರಿಗೆ ಪಿಂಡ ಇಡೋ ದಿನದಾಗ ಮನಿ ಸೊಸಿ ಸಮುದ್ರ ದಾಟೂದು ಬ್ಯಾಡ ಅಂದಿದ್ದೆ, ಅದರಾಗ ನನ್ನ ತಪ್ಪೇನು?” ಎಂದು ನಮ್ಮಪ್ಪ ಬಾಳಕೃಷ್ಣಭಟ್ಟರ ವಾದ. ನೀನು, ಪಾಪ, ಒಂದು ದಾರಿ ತೋರಿಸಿದ್ದೆ. ಐದನೇ ತಾರೀಖು ಒಳ್ಳೆಯ ಗಳಿಗೆಗೆ ಒಂದು ಚೀಲ ಒಯ್ದು ಬೇರೆಯವರ ಮನೆಯಲ್ಲಿ ಪ್ರಸ್ಥಾನ ಇಡೋಣ, ಚೀಲ ಹೊರಟರೆ ನಾನು ಹೊರಟಂತೆಯೇ, ಪಕ್ಷಮಾಸ ಮುಗಿದ ಮೇಲೆ ಆರಾಮಾಗಿ ಹೋಗುತ್ತೇನೆ ಎಂದಿದ್ದೆ. ಅಪ್ಪ ಕೇಳಬೇಕಲ್ಲ. “ಪ್ರಸ್ಥಾನಕ್ಕೂ ಒಂದು ಮಿತಿ ಅದವಾ. ಹತ್ತು ದಿನದ ಮ್ಯಾಲೆ ಅದು ಪ್ರಸ್ಥಾನ ಅಲ್ಲ, ಬರೇ ಚೀಲ” ಎಂದರು. ಈಗ ಅವ್ವ ಊಟಕ್ಕೆ ಬಡಿಸುವಾಗೊಮ್ಮೆ, “ಆ ವೀಸಾ ಕೊಡೋವ್ರಿಗೆ ನಿಮ್ಮ ಪಂಚಾಂಗ ಒಂದು ಮೊದಲ ಕಳಸಬೇಕಿತ್ತು ನೋಡ್ರಿ” ಎನ್ನುತ್ತಾಳೆ. ಅಪ್ಪ ಮಜ್ಜಿಗೆ ಅನ್ನ ಬಿಟ್ಟು ಏಳುತ್ತಾರೆ. ಇಬ್ಬರ ನಡುವೆ ನಾನು ಉಪ್ಪಿನಕಾಯಿ ನೆಕ್ಕುತ್ತ ಕೂಡುತ್ತೇನೆ.

ಒಂದು ಮಾತು ಮಾತ್ರ ಅಪ್ಪ ನನಗೆ ಒಪ್ಪುವ ಹಾಗೆ ಹೇಳಿದ್ದಾರೆ. “ಹೊಸ್ತಿಲ ದಾಟಿದಾಕಿ ಕೆಲಸ ಮುಗಿಸೇ ಬರಬೇಕು. ಈಗ ನಡುವ ಮನಿಗೆ ಬಂದ್ಲಂದ್ರ ನಾನ ಬಾಗಲಾ ತಗಿಯಂಗಿಲ್ಲ” ಎಂದರು. ತೆಗೆಯದೆ ಇರುವವರಲ್ಲ, ನಿನಗೆ ಗೊತ್ತು. ಆದರೂ ಈ ಸಲ ಅವರ ಮಾತು ಕೇಳು.

ಸುಚೇತಾ, ಆ ಅರಿವೆಗಳನ್ನು ಕಪಾಟಿನಿಂದ ತೆಗೆ. ಮೂವತ್ತೆಂಟನೆಯ ವಯಸ್ಸಿನಲ್ಲಿ, ರೊಟ್ಟಿ ಬಡಿಯುತ್ತ, ಮೊಬೈಲು ಹಿಟ್ಟಿನ ಡಬ್ಬಿಗೆ ಆನಿಸಿಟ್ಟುಕೊಂಡು ಜರ್ಮನ್ ಕಲಿತವಳು ನೀನು. ಅವ್ವ ಸೊಸೆಗೆ ಏನೋ ದೆವ್ವ ಬಡಕೊಂಡಿದೆ ಎಂದು ಹೆದರಿದ್ದಳು. ಮುನವಳ್ಳಿ ಕಡೆಯ ರೈತರು ಕಾಲುವೆ ನೀರಿಗೆ ಉಪ್ಪೇರಿ ಸವಳಾದ ಮಣ್ಣನ್ನು ನಿನ್ನ ಮಣ್ಣು ಪರೀಕ್ಷೆಯ ಕೇಂದ್ರಕ್ಕೆ ಚೀಲದಲ್ಲಿ ತಂದಾಗ, ಬರೀ ಅಂಕಿ ಬರೆದು ಕೊಡುತ್ತೇನೆ, ಮುಂದೇನು ಮಾಡಬೇಕು ಎಂದು ಹೇಳಲು ಬರುವುದಿಲ್ಲ ಎಂದು ನೀನು ಊಟ ಬಿಟ್ಟು ಕುಳಿತದ್ದನ್ನು ನಾನು ನೋಡಿದ್ದೇನೆ. ಮಣ್ಣಿನ ಬಗ್ಗೆ ಮುಂದೆ ಓದಬೇಕೆಂಬುದು ನಿನ್ನ ಆರು ವರ್ಷದ ಆಸೆ. ಒಂದು ತಪ್ಪು ತಾರೀಖಿಗೆ ಅದನ್ನು ಬಿಟ್ಟುಕೊಡುತ್ತೀಯಾ? ಎಗ್ಗಿಲ್ಲದೆ ಬೈಯಬೇಕೆನಿಸುತ್ತದೆ. ಬೈಯುವ ಹಕ್ಕು ನನಗಿಲ್ಲ, ಬಿಡು.

ತರಗತಿ ಶುರುವಾಗುವುದು ಅಕ್ಟೋಬರಿನಲ್ಲಿ. ಇನ್ನೂ ಹೊತ್ತಿದೆ. ಇಪ್ಪತ್ಮೂರರ ವಿಮಾನಕ್ಕೆ ಟಿಕೀಟು ತೆಗೆಸಲು ಜ್ಯೋತ್ಸ್ನಾಗೆ ಹೇಳಿದ್ದೇನೆ. ಬೇಡ ಎನ್ನಬೇಡ. ಆ ಊರಿನಲ್ಲಿ ಈಗಲೇ ಚಳಿ ಬೀಳುತ್ತದಂತೆ, ಸ್ವೆಟರು ಮೇಲೆ ಇಟ್ಟುಕೋ. ಅಪ್ಪ ಅವ್ವ ಇಬ್ಬರೂ ಆಶೀರ್ವಾದ ತಿಳಿಸಿದ್ದಾರೆ. ಹೋದ ಕೆಲಸ ಕೈಗೂಡಲಿ, ಮೈ ಗಟ್ಟಿಯಾಗಿರಲಿ.

ನಿನ್ನ
ಮುಕುಂದ

ತಾ.ಕ.: ಪತ್ರವನ್ನು ಲಕೋಟೆಗೆ ಹಾಕಿ ಅಂಟು ಹಚ್ಚಿದ್ದೆ. ಮತ್ತೆ ಹರಿದು ತೆಗೆದಿದ್ದೇನೆ.

ಪಾಸ್‌ಪೋರ್ಟು ವೀಸಾ ಸಹಿತ ಕೊರಿಯರಿನಲ್ಲಿ ಬಂದ ದಿನ ನೀನು ಮಣ್ಣಿನ ಮಾದರಿ ತರಲು ಹೋಗಿದ್ದೆ. ಸಂಜೆ ಬಂದವಳೇ, “ನೀವು ನೋಡಿದ್ರಿಲ್ಲೋ, ಎಲ್ಲಾ ಬರೋಬ್ಬರಿ ಅದನ?” ಎಂದು ಕೇಳಿದೆ. ಅದ ಎಂದೆ. ನಾನು ಓದಿದ ಕಾಗದವನ್ನು ನೀನು ಮತ್ತೆ ಓದುವವಳಲ್ಲ. ಮೂರು ಸಲ ಓದಿದ್ದೆ, ಸುಚೇತಾ. ಇಪ್ಪತ್ತೆರಡು ಎಂದು ಸ್ಪಷ್ಟವಾಗಿ ಇತ್ತು. ಆಗ ಮನಸ್ಸಿನಲ್ಲಿ ಏನೂ ಇರಲಿಲ್ಲ, ಹೊರಡಲು ಹೊತ್ತಿದೆ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ವಾರ ಬಿಟ್ಟು ಅಪ್ಪ ಐದನೇ ತಾರೀಖು ಎಂದರು. ನೀನು ಪ್ರಸ್ಥಾನದ ಮಾತು ತೆಗೆದು ನನ್ನ ಮುಖ ನೋಡಿದೆ. ಆಗಲಾದರೂ ಹೇಳಬಹುದಿತ್ತು. “ಅಪ್ಪ ಹೇಳೋದು ಖರೇ ಅದ, ಹೋಗಿಬಿಡು” ಎಂದೆ.

ಊರವರ ಮುಂದೆ ‘ನಾನೇ ಕಳಿಸ್ತೀನಿ’ ಎಂದು ದೊಡ್ಡದಾಗಿ ಹೇಳಿಕೊಂಡವನಿಗೆ, ನೀನಿಲ್ಲದೆ ಎರಡು ವರ್ಷ ಇರಲು ನನ್ನಿಂದ ಆಗುವುದಿಲ್ಲ ಎಂದು ನಿನ್ನೆದುರು ಹೇಳಲು ಬಾಯಿ ಬರಲಿಲ್ಲ. ಮುಂಬೈಯಲ್ಲೇ ತಡೆಯುತ್ತಾರೆ, ಬೇಸತ್ತು ಮನೆಗೆ ಬರುತ್ತೀ, ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದೆ. ಈಗ ನೀನು ಬೇಸತ್ತಿದ್ದೀ. ನಾನು ಬಯಸಿದ್ದೇ ಆಗಿದೆ, ನನಗೆ ಊಟ ಇಳಿಯುತ್ತಿಲ್ಲ. ಈ ಪತ್ರ ಅಂಚೆಗೆ ಹಾಕಿ ಬಂದು ಅಪ್ಪ ಅವ್ವನ ಮುಂದೆಯೂ ಹೇಳುತ್ತೇನೆ. ನೀನು ನನ್ನ ಜೊತೆ ಮಾತಾಡದಿದ್ದರೂ ಸರಿ, ವಿಮಾನ ಹತ್ತು.

ಆ ರಾತ್ರಿ ಜರ್ಮನಿಯ ವಿಮಾನ ನಿಲ್ದಾಣದಿಂದ ಫೋನು ಮಾಡಿ, “ತಪ್ಪು ನಂದೇರಿ, ನಾ ತಾರೀಖು ನೋಡಲಿಲ್ಲ, ಬೈಬ್ಯಾಡ್ರಿ” ಎಂದು ನೀನು ಅಳುತ್ತಿದ್ದೆ. ನಾನು ನಿನ್ನನ್ನು ಕ್ಷಮಿಸಿದವನ ದನಿಯಲ್ಲಿ, “ಇರಲಿ ಬಿಡು” ಎಂದೆ.