ಓದ್ತಿದ್ದೀನಪ್ಪ

ಅಪ್ಪನಿಗೆ,

ನೀವು ಈ ದೇಶಕ್ಕೆ ಕಳಿಸಿ ಸೇರಿಸಿದ ಕಾಲೇಜನ್ನು ನಾನು ಬಿಟ್ಟು ವರ್ಷದ ಮೇಲಾಯಿತು. ಪಾಠ ತಲೆಗೆ ಹತ್ತಲಿಲ್ಲ, ಬಿಟ್ಟೆ. ಇಲ್ಲಿ ನನ್ನನ್ನು ಮನೆಯಲ್ಲಿಟ್ಟುಕೊಂಡಿರುವ ಚಿಕ್ಕಪ್ಪನಿಗೆ ಗೊತ್ತು. "ಅಣ್ಣನ ಹತ್ರ ಬಾಯಿ ಬಿಟ್ಟೀಯ, ಹುಷಾರ್" ಎಂದಿದ್ದರು. ಆದರೂ ನಾನು ಸುಳ್ಳು ಹೇಳಿಲ್ಲ. ಫೋನಿನಲ್ಲಿ ನೀವು ಕೇಳುತ್ತಿದ್ದದ್ದು ಒಂದೇ, "ಓದ್ತಿದ್ದೀಯೇನಮ್ಮ?" ನಾನು "ಓದ್ತಿದ್ದೀನಪ್ಪ" ಎನ್ನುತ್ತಿದ್ದೆ. ಪಾರ್ಸೆಲ್ ಗೋದಾಮಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಪೆಟ್ಟಿಗೆಗಳ ಮೇಲಿನ ವಿಳಾಸ ಓದುವುದೇ ನನ್ನ ಕೆಲಸ. ಏನು ಓದುತ್ತೀಯ ಎಂದು ನೀವು ಒಮ್ಮೆಯೂ ಕೇಳಲಿಲ್ಲ.

ಮೊನ್ನೆ ಸ್ಪೀಕರ್ ಹಾಕಿಕೊಂಡು ನೆಂಟರಿಗೆ, "ಪಾಪ, ಅವಳಿಗೆ ಕನ್ನಡವೇ ಮರೆತುಹೋಗಿದೆ" ಎಂದು ಹೆಮ್ಮೆಯಿಂದ ಹೇಳಿದಿರಿ. ಮರೆತಿಲ್ಲ. ಈ ದೇಶದಲ್ಲಿ ಸಿಟ್ಟು ಬಂದಾಗ ಬಯ್ಯುವುದಕ್ಕೆ ನನಗಿರುವುದು ಅದೊಂದೇ ಭಾಷೆ.

ಈಗ ನನ್ನನ್ನೇ ತೋರಿಸಿ ತಮ್ಮನನ್ನೂ ಅದೇ ಕಾಲೇಜಿಗೆ ಕಳಿಸುತ್ತೀರಂತೆ. "ನಂಗೆ ಬೇಡ ಕಣೇ ಅಕ್ಕ" ಎಂದು ಅವನು ನನ್ನ ಹತ್ತಿರ ಅಳುತ್ತಾನೆ. ಅವನ ಪಾಸ್‌ಪೋರ್ಟನ್ನು ನಿಮ್ಮ ಬೀರುವಿನಿಂದ ತೆಗೆದು ಅವನ ಕೈಗೆ ಕೊಡಿ. ನನ್ನ ಹೆಸರು ಹೇಳಿ ಅವನನ್ನು ವಿಮಾನ ಹತ್ತಿಸಬೇಡಿ.

ಇನ್ನು ಫೋನ್ ಮಾಡಿದರೆ ಊಟ ಆಯಿತಾ ಎಂದು ಕೇಳಿ, ಉತ್ತರ ಕೊಡುತ್ತೇನೆ. ಚಿಕ್ಕಪ್ಪನ ಮನೆಗೆ ಮಾಡಬೇಡಿ. ಗೋದಾಮಿನ ಹತ್ತಿರ ರೂಮು ಹಿಡಿದಿದ್ದೇನೆ, ನಾಳೆ ಹೊರಡುತ್ತೇನೆ.

ನಿಮ್ಮ ಮಗಳು