ಅವಳ ಆಕಾಶದ ಮೇಲೆ ನಿಮ್ಮ ದೀಪ

ಬೀದಿದೀಪ ವಿಭಾಗದ ಮಾನ್ಯ ಅಧಿಕಾರಿಗಳೇ,

ನಮ್ಮ ಬೀದಿಯ ಮೂಲೆಯಲ್ಲಿ ನೀವು ನಿಲ್ಲಿಸಿರುವ ಎತ್ತರದ ಕಂಬದ ದೀಪಗಳು ನೆಲಕ್ಕಿಂತ ಹೆಚ್ಚಾಗಿ ಆಕಾಶವನ್ನು ಬೆಳಗುತ್ತಿವೆ. ತೀರಿಕೊಂಡ ನನ್ನ ಹೆಂಡತಿ ಅರ್ಧಕ್ಕೆ ಬಿಟ್ಟುಹೋದ ಒಂದು ಫೋಟೋವನ್ನು ಇದರಿಂದಾಗಿ ನನಗೆ ಮುಗಿಸಲಾಗುತ್ತಿಲ್ಲ. ದೂರು ಇಷ್ಟೇ. ಆಕಾಶದಲ್ಲಿ ಬೆಳಕು ಸಾಲದು ಎಂದು ನಿಮಗೆ ಯಾರು ಅರ್ಜಿ ಕೊಟ್ಟಿದ್ದರೋ ತಿಳಿಯದು.

ನಾನು ದರ್ಜಿ. ಅವಳು ಹಗಲೆಲ್ಲ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದಳು, ಊಟವಾದ ಮೇಲೆ ಮಹಡಿ ಹತ್ತಿ ನಕ್ಷತ್ರಗಳದ್ದು. "ಇವು ಕಣ್ಣು ಮುಚ್ಚಲ್ಲ, 'ನಾನು ಹೀಗಿದೀನಾ' ಅಂತ ಜಗಳಕ್ಕೂ ಬರಲ್ಲ" ಎನ್ನುತ್ತಿದ್ದಳು. ಟಾರ್ಚ್ ಹಿಡಿಯುವುದು ನನ್ನ ಕೆಲಸ. ಅದಕ್ಕೆ ಕೆಂಪು ಬಟ್ಟೆಯ ಗವಸು ಹೊಲಿದಿದ್ದೆ. ಮರೆತು ಬರೀ ಟಾರ್ಚ್ ಹೊತ್ತಿಸಿದರೆ, "ಅಯ್ಯೋ, ಮುಗೀತು ಬಿಡಿ! ಈಗ ತಾನೇ ಕಣ್ಣು ಕತ್ತಲಿಗೆ ಪಳಗಿತ್ತು ರೀ, ಮತ್ತೆ ಅ ಆ ಇ ಈಯಿಂದ ಶುರು" ಎಂದು ಬೈಯುತ್ತಿದ್ದಳು.

ನಕ್ಷತ್ರಗಳೆಲ್ಲ ಬಿಳಿ ಎಂದುಕೊಂಡಿದ್ದೆ. ಅವಳ ಫೋಟೋದಲ್ಲಿ ಒಂದು ಅರಿಶಿನ, ಒಂದು ತಿಳಿನೀಲಿ, ಒಂದು ಕಿತ್ತಳೆ, ನನ್ನ ದಾರದ ಡಬ್ಬಿ ಚೆಲ್ಲಿದ ಹಾಗೆ. ಕ್ಯಾಮೆರಾವನ್ನು ಹೆಚ್ಚು ಹೊತ್ತು ತೆರೆದಿಟ್ಟರೆ, ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಕೊರಳಿನ ಗುರುತು ಹಾಕಿದಂತೆ ಅವು ಬಾಗಿದ ಗೆರೆಗಳಾಗುತ್ತಿದ್ದವು. ಆದರೆ ಅವಳ ಮನಸ್ಸು ನಿಂತದ್ದು ಬರಿಗಣ್ಣಿಗೆ ಖಾಲಿಯಾಗಿ ಕಾಣುವ ಆಕಾಶದ ಒಂದು ಜಾಗದಲ್ಲಿ. ಅದೊಂದರದೇ ನೂರಾರು ಫೋಟೋ ತೆಗೆದು ಒಂದರ ಮೇಲೊಂದು ಕೂಡಿಸುತ್ತ ಹೋದಂತೆ, ಬೂದಿ ಕೆದಕಿದಾಗ ಕೆಂಡ ಕಾಣುವ ಹಾಗೆ, ಕೆಂಪು ಮೋಡವೊಂದು ಮೇಲೆದ್ದು ಬರುತ್ತಿತ್ತು. ಅದರ ಒಂದು ಅಂಚು ಇನ್ನೂ ಬರಬೇಕಿತ್ತು. ಅಷ್ಟರಲ್ಲಿ ಅವಳೇ ಹೋದಳು. ಟಾರ್ಚ್ ಹಿಡಿದು ನೋಡಿ ಕಲಿತಷ್ಟರಲ್ಲೇ ಆ ಅಂಚನ್ನು ತೆಗೆಯಲು ಈಗ ನಾನು ಮಹಡಿ ಹತ್ತುತ್ತೇನೆ.

ಪ್ರತಿ ಸಲವೂ ಕೊನೆಗೆ ಅವಳು ಕ್ಯಾಮೆರಾಕ್ಕೆ ಮುಚ್ಚಳ ಹಾಕಿ ಕೆಲವು ಕಪ್ಪು ಫೋಟೋ ತೆಗೆಯುತ್ತಿದ್ದಳು. "ತಲೆ ನೆಟ್ಟಗಿದೆಯೇನೇ?" ಎಂದಿದ್ದೆ. "ಆಕಾಶದ ಮೇಲೆ ತಪ್ಪು ಹೊರಿಸೋ ಮೊದಲು ಕ್ಯಾಮೆರಾದ ಸ್ವಂತ ಕಲೆ-ಕೊಳೆ ಎಷ್ಟು ಅಂತ ನೋಡ್ಕೋಬೇಕು ರೀ. ಅಷ್ಟನ್ನ ಕಳೆದರೆ ಉಳಿಯೋದು ನಿಜ" ಎಂದಳು. ಹಾಗಾಗಿ ನಿಮ್ಮ ವಿಷಯಕ್ಕೆ ಬರುವ ಮೊದಲು ನನ್ನದನ್ನು ಹೇಳಿಬಿಡುತ್ತೇನೆ.

ಅವಳು ಹೋದ ಮೇಲೆ, ದೀಪದ ಉದ್ಘಾಟನೆಗೆ ಚೆಂದದ ಚಿತ್ರ ಬೇಕೆಂದು ನಿಮ್ಮ ಕಚೇರಿಯವರು ಮನೆಗೆ ಬಂದಾಗ, ಅವಳು ತೆಗೆದದ್ದರಲ್ಲೇ ಒಳ್ಳೆಯದನ್ನು ಆರಿಸಿ ಕೊಟ್ಟವನು ನಾನು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂತೆ. ಫಲಕದ ತುಂಬ ಅವಳ ಆಕಾಶ. ಮೇಲೆ 'ಇನ್ನು ಕತ್ತಲೆಯಿಲ್ಲದ ನಗರ', ಕೆಳಗೆ ಸಣ್ಣ ಅಕ್ಷರದಲ್ಲಿ 'ಚಿತ್ರಕೃಪೆ: ಅಂತರ್ಜಾಲ'. ನೀವು ಗುಂಡಿ ಒತ್ತಿದಿರಿ. ನಕ್ಷತ್ರಗಳು ಆರಿದವು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅವಳ ಹೆಸರಿಲ್ಲದ್ದನ್ನು ಓದಿದ ಮೇಲೂ ತಟ್ಟಿದೆ. ಅದೇ ಕೈಯಿಂದ ಸೂಜಿಗೆ ದಾರ ಪೋಣಿಸುವಾಗ ಈಗ ತಲೆ ತಗ್ಗಿಹೋಗುತ್ತದೆ.

ಆಮೇಲೆ ನಿಮ್ಮ ಕಚೇರಿಗೆ ಬಂದೆ. "ದೀಪ ಬೇಕು ಅಂತ ಬರ್ತಾರೆ. ಕತ್ತಲೆ ಬೇಕು ಅಂತ ಬಂದೋರು ನೀವೇ ಮೊದಲು, ಯಜಮಾನ್ರೇ!" ಎಂದು ಗುಮಾಸ್ತರು ನಕ್ಕರು. ನೀವು ತಲೆಯೆತ್ತದೆ, "ನಕ್ಷತ್ರ ನಮ್ಮ ವಿಭಾಗಕ್ಕೆ ಬರಲ್ಲ" ಎಂದಿರಿ. ಒಪ್ಪಿದೆ. ಹಾಗಾದರೆ ಅವನ್ನು ಅಳಿಸುವ ಅಧಿಕಾರ ಮಾತ್ರ ನಿಮ್ಮ ವಿಭಾಗಕ್ಕೆ ಎಲ್ಲಿಂದ ಬಂತು? ಕಂಬದ ಕೆಳಗೆ ಇಂದಿಗೂ ಕತ್ತಲೆ, ಪಕ್ಕದ ಮನೆಯ ಅಜ್ಜಿ ಎಡವಿ ಬಿದ್ದದ್ದೂ ಅಲ್ಲೇ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ಇಷ್ಟು ಖರ್ಚು ಮಾಡಿ ಸಾಬೀತುಪಡಿಸಬೇಕಿತ್ತೇ?

ದೀಪ ಆರಿಸಿ ಎಂದು ಕೇಳುತ್ತಿಲ್ಲ. ಪ್ರತಿ ದೀಪದ ಮೇಲೂ ತಗಡಿನ ಮರೆ ಹಾಕಿಸಿ, ಬೆಳಕು ಬೀದಿಗೆ ಬೀಳಲಿ. ಮುಂದಿನ ತಿಂಗಳು ಕಳೆದರೆ ಅವಳ ಆ ಜಾಗ ಮನೆಗಳ ಹಿಂದೆ ಇಳಿದುಹೋಗುತ್ತದೆ. ಮುಂದಿನ ವರ್ಷ ಅದು ಮತ್ತೆ ಬರುವಷ್ಟರಲ್ಲಿ ನನ್ನ ಕಣ್ಣಿನ ಪೊರೆ ಬಲಿತಿರುತ್ತದೆ. ತಗಡು ಕತ್ತರಿಸುವವರಿಗೆ ತಿಳಿಯದಿದ್ದರೆ ದೀಪದ ಅಳತೆ ಕಳಿಸಿ, ಕಾಗದದಲ್ಲಿ ಮಾದರಿ ಕತ್ತರಿಸಿ ಕೊಡುತ್ತೇನೆ. ಅಷ್ಟು ನನಗೆ ಬರುತ್ತದೆ.

ಮತ್ತೆ, ಫಲಕದಿಂದ ಆ 'ಅಂತರ್ಜಾಲ'ವನ್ನು ಅಳಿಸಿ ಅವಳ ಹೆಸರು ಬರೆಸಿ. ಹೆಸರೇನೆಂದು ಕೇಳಲು ನೀವೇ ಬನ್ನಿ. ಮಹಡಿಯವರೆಗೂ ಹತ್ತಿ ಬನ್ನಿ. ಅಲ್ಲಿ ನಿಂತು ಹೇಳುತ್ತೇನೆ.

ಇಂತಿ,
ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ ದರ್ಜಿ